ಗೆಳೆಯನ ಊರಿಗೆ ಹೋದರೆ ಊಟ ಮನೆಯಲ್ಲೋ, ಹೊರಗೋ?

ಮೈಸೂರು ತಿಂಡಿಪೋತ
ಹೋದ ವಾರ ಆಗಸ್ಟ್ 15 ಶುಕ್ರವಾರ ಬಂತಲ್ಲ, ಮೂರು ದಿನ ರಜೆ. ಗುರುವಾರ ರಾತ್ರಿ ಬೆಂಗಳೂರಿನಿಂದ ಧಾರವಾಡಕ್ಕೆ ಹೊರಟೆ. ರೈಲು ಟಿಕೆಟ್ ಸಿಗಲಿಲ್ಲ, ಬಸ್ಸಿಗೆ ಮಾಮೂಲಿಗಿಂತ ಎರಡು ಪಟ್ಟು ಕೊಟ್ಟೆ. ಆ ಕಥೆ ಬಿಡಿ. ಅಲ್ಲಿ ನನ್ನ ಹಾಸ್ಟೆಲ್ ಗೆಳೆಯ ಇದ್ದಾನೆ. ಏಳು ವರ್ಷದಿಂದ ಬಾ ಬಾ ಅಂತಿದ್ದ.

ಹೋಗುವಾಗ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದೆ. ಲೈನ್ ಬಜಾರಿನ ಪೇಡ, ಹುಬ್ಬಳ್ಳಿ ದುರ್ಗದಬೈಲಿನ ಗಿರ್ಮಿಟ್ಟು ಮಿರ್ಚಿ, ಒಂದು ಖಾನಾವಳಿ ಊಟ, ಒಂದು ಸಾವಜಿ ಊಟ, ಹೀಗೆ ಹನ್ನೊಂದು. ಶುಕ್ರವಾರ ಮಧ್ಯಾಹ್ನ ಗೆಳೆಯನ ಅಮ್ಮ ತಟ್ಟೆ ಇಟ್ಟರು ನೋಡಿ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಮಡಕಿ ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಪಕ್ಕದಲ್ಲಿ ಉಳ್ಳಾಗಡ್ಡಿ, ಸೌತೆಕಾಯಿ, ಹಸಿ ಮೆಂತ್ಯ ಸೊಪ್ಪು. ನಾಲ್ಕು ರೊಟ್ಟಿ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಸಂಜೆ ಚಹಾ ಜೊತೆ ಪಂಚಮಿಗೆ ಕಟ್ಟಿದ ಉಂಡಿಗಳ ಡಬ್ಬಿ ಬಂತು. ಹಬ್ಬ ಆಗಿ ಎರಡು ವಾರದ ಮೇಲಾಗಿತ್ತು, ಶೇಂಗಾ ಉಂಡಿ ಮಾತ್ರ ಹಾಗೇ ಗಟ್ಟಿಯಾಗಿತ್ತು.

ತಪ್ಪು ಆಗಿದ್ದು ಶನಿವಾರ. ಬೆಳಿಗ್ಗೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದವರು ಇಡೀ ದಿನ ಪಟ್ಟಿ ಮುಗಿಸುತ್ತಾ ಓಡಾಡಿದೆವು. ಶ್ರಾವಣ ಅಂತ ಮನೆಯಲ್ಲಿ ಮಾಂಸ ಬಿಟ್ಟಿದ್ದರು. ಅದಕ್ಕೇ ಸಾವಜಿ ಊಟದ ವಿಷಯ ಮನೆಯಲ್ಲಿ ಎತ್ತಲಿಲ್ಲ. ರಾತ್ರಿ ಎಂಟೂವರೆಗೆ ವಾಪಸ್ ಬಂದು "ಅಮ್ಮ, ಊಟ ಬೇಡ, ಹೊಟ್ಟೆ ತುಂಬಿದೆ" ಅಂದೆ. ಅವರು ಗ್ಯಾಸಿನ ಮೇಲಿದ್ದ ಪಾತ್ರೆಗೆ ಮುಚ್ಚಳ ಮುಚ್ಚಿದರು. "ಯಾಕೋ ತಮ್ಮಾ, ನಮ್ಮ ಮನಿ ಊಟ ಸೇರಲಿಲ್ಲೇನು?" ಅಂತ ನಗ್ತಾನೇ ಕೇಳಿದರು. ಆ ನಗು ನನಗೆ ಇನ್ನೂ ಕಾಡ್ತಿದೆ.

ಕೇಳಬೇಕು ಅಂದುಕೊಂಡಿದ್ದು ಇಷ್ಟೇ. ಗೆಳೆಯರ ಮನೆಗೆ ಹೋದಾಗ ಊರಿನ ತಿಂಡಿ ಹುಡುಕಿಕೊಂಡು ಹೊರಗೆ ತಿನ್ನೋದು ಸರಿನಾ?

ಬಾಗಲಕೋಟಿ ಬಿಸಿಲು
ಸರಿಯಲ್ಲ. ಮನೆಗೆ ಕರೆದದ್ದು ಮನೆಯಲ್ಲಿ ಉಣ್ಣೋದಕ್ಕೆ. ರೊಟ್ಟಿ ಬಡಿಯೋದು ಅಂದರೆ ಏನು ಅಂತ ನಿಮ್ಮ ಕಡೆಯವರಿಗೆ ಗೊತ್ತಿಲ್ಲ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ಬಿಸಿನೀರು ಹಾಕಿ ಚೆನ್ನಾಗಿ ನಾದಿ, ಅಂಗೈಯಲ್ಲಿ ಬಡಿದು ಬಡಿದು ಅಗಲ ಮಾಡಬೇಕು. ಸ್ವಲ್ಪ ತಪ್ಪಿದರೆ ಅಂಚು ಸೀಳುತ್ತದೆ. ಆಮೇಲೆ ಹಂಚಿನ ಮೇಲೆ ಹಾಕಿ ನೀರು ಸವರಿ ಬೇಯಿಸಬೇಕು. ಅಷ್ಟು ಮಾಡಿಟ್ಟ ತಾಯಿಗೆ ರಾತ್ರಿ ಎಂಟೂವರೆಗೆ ಬೇಡ ಅನ್ನೋದಾ? ಅವರ ಕೈರುಚಿ ಬಿಟ್ಟು ದುರ್ಗದಬೈಲಿನಲ್ಲಿ ನಿಂತು ತಿಂದರೆ ಊರು ತಿಳಿಯುತ್ತಾ?

ಖಾನಾವಳಿ ಖಾಯಂ ಗಿರಾಕಿ
ಹಾಗಾದರೆ ಊರು ಅಂದರೆ ಒಂದೇ ಮನೆಯಾ? ನಾನು ಹುಬ್ಬಳ್ಳಿಯಲ್ಲಿ ಆರು ವರ್ಷ ಕೆಲಸ ಮಾಡಿದೆ, ಒಬ್ಬನೇ ರೂಮು ಮಾಡಿಕೊಂಡು. ನನ್ನನ್ನು ಸಾಕಿದ್ದು ಖಾನಾವಳಿಗಳು. ಎಷ್ಟೋ ಕಡೆ ಮುಂದಿನ ಕೋಣೆ ಖಾನಾವಳಿ, ಹಿಂದೆ ಅವರ ಸಂಸಾರ. ಗಂಡ ಬಡಿಸ್ತಾನೆ, ಹೆಂಡತಿ ರೊಟ್ಟಿ ಬಡೀತಾಳೆ, ಮಗ ಗಲ್ಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡ್ತಾನೆ. ಅದು ಹೊರಗಿನ ಊಟ ಹೇಗಾಗುತ್ತೆ? ಮತ್ತೆ ಗಿರ್ಮಿಟ್ಟು ಮಿರ್ಚಿ ಯಾರೂ ಅತಿಥಿಗೆ ಊಟ ಅಂತ ಮನೆಯಲ್ಲಿ ಬಡಿಸೋದಿಲ್ಲ. ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ನಿಂತು, ಬಾಣಲೆಯಿಂದ ಆಗ ತಾನೇ ಎತ್ತಿದ ಮಿರ್ಚಿ ಕಚ್ಚಿ ಬಾಯಿ ಸುಟ್ಟುಕೊಳ್ಳೋದಕ್ಕೆ ಅಲ್ಲಿಗೇ ಹೋಗಬೇಕು.

ಬೆಣ್ಣೆದೋಸೆ ಭಕ್ತ
ಗಿರ್ಮಿಟ್ಟು ಅಂತ ಎಲ್ಲರೂ ಕುಣೀತೀರಿ. ನಮ್ಮ ದಾವಣಗೆರೆ ಮಂಡಕ್ಕಿಗೇ ಬೇರೆ ಹೆಸರು ಇಟ್ಟಿದ್ದು ಅಷ್ಟೇ.

ಖಾನಾವಳಿ ಖಾಯಂ ಗಿರಾಕಿ
ಅಷ್ಟೇ ಅಲ್ಲ ಸ್ವಾಮಿ. ಗಿರ್ಮಿಟ್ಟಿಗೆ ಮೊದಲು ಗೊಜ್ಜು ಮಾಡಿಟ್ಟಿರುತ್ತಾರೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ, ಹುಣಸೆಹುಳಿ, ಸ್ವಲ್ಪ ಬೆಲ್ಲ ಹಾಕಿ ಕುದಿಸಿದ್ದು. ಗಿರಾಕಿ ಬಂದ ಮೇಲೆ ಒಣ ಚುರುಮುರಿಗೆ ಅದನ್ನು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ತಕ್ಷಣ ತಿನ್ನಬೇಕು, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತೆ. ಚುರುಮುರಿಯನ್ನು ನೀರಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಹಾಕಿದರೆ ಅದು ಸುಸಲಾ. ರಾಯಚೂರು, ಬಳ್ಳಾರಿ ಕಡೆ ಅದನ್ನೇ ವಗ್ಗರಣಿ ಅಂತಾರೆ. ನಿಮ್ಮ ಮಂಡಕ್ಕಿ, ಗಿರ್ಮಿಟ್ಟು, ಸುಸಲಾ ಮೂರೂ ಬೇರೆ ಬೇರೆ.

ಬೆಣ್ಣೆದೋಸೆ ಭಕ್ತ
ಪುಟಾಣಿ ಹಿಟ್ಟಿನ ವಿಷಯ ಒಪ್ಪಿದೆ. ಉಳಿದದ್ದು ಒಪ್ಪಲ್ಲ. 😀

ಹುಬ್ಬಳ್ಳಿ ಸೊಸೆ
ಗಂಡಸರೆಲ್ಲ ಕೈರುಚಿ ಕೈರುಚಿ ಅಂತ ಬರೀತಿದ್ದೀರಿ. ಬಡಿಯೋ ಕೈಯನ್ನು ಯಾರಾದರೂ ಕೇಳಿದಿರಾ?

ನಮ್ಮ ಮನೆಗೆ ಲಾಂಗ್ ವೀಕೆಂಡ್ ಬಂದರೆ ನನ್ನ ಗಂಡನ ಗೆಳೆಯರು ಬೆಂಗಳೂರಿನಿಂದ ಬರ್ತಾರೆ. ಅವರಿಗೆ ಮೂರು ದಿನ ರಜೆ. ನನಗೆ ಮೂರು ದಿನ ಎರಡು ಹೊತ್ತು ರೊಟ್ಟಿ, ಬೆಳಿಗ್ಗೆ ತಿಂಡಿ, ನಡುವೆ ನಾಲ್ಕು ಸಲ ಚಹಾ. ನಾನೂ ಆಫೀಸಿಗೆ ಹೋಗೋಳೇ, ನನಗೂ ಅದು ರಜೆ. ಅವರು ಹೊರಗೆ ತಿಂದು ಬರ್ತೀವಿ ಅಂದರೆ ನನಗೆ ಖುಷಿ, ಬೇಜಾರಲ್ಲ. ಆದರೆ ಬೆಳಿಗ್ಗೆ ಹೊರಡುವಾಗಲೇ ಹೇಳಬೇಕು. ಕಾಳು ನೆನೆಸಿ, ಬದನೆಕಾಯಿ ಸೀಳಿ, ಮಸಾಲೆ ತುಂಬಿ, ಎಲ್ಲ ಆದ ಮೇಲೆ ಬಂದು ಹೊಟ್ಟೆ ತುಂಬಿದೆ ಅಂದರೆ ಸಿಟ್ಟು ಬರಲ್ವಾ? ತಿಂಡಿಪೋತ ಅವರೇ, ನೀವು ಸಾವಜಿ ತಿಂದದ್ದು ತಪ್ಪಲ್ಲ. ಮಧ್ಯಾಹ್ನ ಒಂದು ಫೋನ್ ಮಾಡಲಿಲ್ಲ ನೋಡಿ, ಅದು ತಪ್ಪು. ನಿಮಗಿಂತ ಜಾಸ್ತಿ ತಪ್ಪು ನಿಮ್ಮ ಗೆಳೆಯಂದು. ಅದು ಅವನ ಅವ್ವ, ನಿಮ್ಮ ಅವ್ವ ಅಲ್ಲ.

ಬಾಗಲಕೋಟಿ ಬಿಸಿಲು
ಅಕ್ಕಾರ, ನಿಮ್ಮ ಮಾತು ನಿಜ. ಆದರೆ ಹಿಂದಿನವರು ಹಾಗೆ ಎಣಿಸಲ್ಲ. ನಮ್ಮವ್ವನಿಗೆ ಬಂದವರು ಎರಡು ರೊಟ್ಟಿ ಕಮ್ಮಿ ಉಂಡರೂ ನಿದ್ದೆ ಬರಲ್ಲ.

ಹುಬ್ಬಳ್ಳಿ ಸೊಸೆ
ನಿದ್ದೆ ಬರದಿದ್ದರೆ ಪಾತ್ರೆ ತೊಳೆಯೋದಕ್ಕೆ ನೀವು ಎದ್ದು ಹೋಗಿ. ಆಮೇಲೆ ಅವ್ವನಿಗೆ ನಿದ್ದೆ ಬರುತ್ತೆ.

ಲೈನ್ ಬಜಾರ್ ಹುಡುಗ
ಪೇಡ ಬಗ್ಗೆ ಯಾರೂ ಮಾತಾಡ್ತಿಲ್ಲ, ಬೇಜಾರಾಯ್ತು. ತಿಂಡಿಪೋತ ಅವರೇ, ಎಷ್ಟು ತಂದಿರಿ?

ಮೈಸೂರು ತಿಂಡಿಪೋತ
ಎರಡು ಕೆಜಿ. ಆಫೀಸಿನಲ್ಲಿ ಒಂದೇ ದಿನದಲ್ಲಿ ಖಾಲಿ. ಬೆಲ್ಲ ಹಾಕಿರ್ತಾರಾ, ಅಷ್ಟು ಕಂದು ಬಣ್ಣ ಹೇಗೆ ಅಂತ ಒಬ್ಬರು ಕೇಳಿದರು. ನನಗೆ ಗೊತ್ತಿರಲಿಲ್ಲ.

ಲೈನ್ ಬಜಾರ್ ಹುಡುಗ
ಬೆಲ್ಲ ಇಲ್ಲ. ಖೋವಾ ಮತ್ತು ಸಕ್ಕರೆಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಹುರೀತಾರೆ. ಹುರಿದು ಹುರಿದು ಆ ಬಣ್ಣ ಬರುತ್ತೆ. ಮೇಲೆ ಸಕ್ಕರೆಯಲ್ಲಿ ಹೊರಳಿಸ್ತಾರೆ. ಉತ್ತರ ಭಾರತದ ಬಿಳಿ ಪೇಡಕ್ಕೂ ಇದಕ್ಕೂ ವ್ಯತ್ಯಾಸ ಅಲ್ಲೇ. ತಮಾಷೆ ಏನಂದರೆ ಇದನ್ನು ಶುರು ಮಾಡಿದ ಠಾಕೂರ್ ಕುಟುಂಬ ಬಂದದ್ದು ಉತ್ತರದಿಂದಲೇ, ಈಗಿನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ, 19ನೇ ಶತಮಾನದಲ್ಲಿ. ಮಿಶ್ರಾ ಅವರ ಪೇಡ ಆಮೇಲಿನದು, ಅವರ ಅಂಗಡಿ ಈಗ ಊರೂರಲ್ಲೂ ಇದೆ. ಧಾರವಾಡ ಪೇಡಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ನೋಡಿ, ಊರಿನ ಹೆಸರು ಹೊತ್ತ ತಿಂಡಿಯನ್ನೇ ಯಾರೂ ಮನೆಯಲ್ಲಿ ಮಾಡಲ್ಲ. ನಮ್ಮ ಮನೆಗೆ ನೆಂಟರು ಬಂದರೂ ಅಂಗಡಿಗೇ ಓಡ್ತೀವಿ. ಹಾಗಾಗಿ ನನ್ನ ಓಟು ಹೊರಗೆ ತಿನ್ನೋರಿಗೆ.

ಕುಂದಾಪುರದವಳು
ನಮ್ಮ ಕಡೆ ಈ ಜಗಳವೇ ಇಲ್ಲ. ಬಂದವರಿಗೆ ಮಧ್ಯಾಹ್ನ ಮನೆಯಲ್ಲಿ ಮೀನು ಸಾರು, ಸಂಜೆ ಹೋಟೆಲಿನಲ್ಲಿ ಗೋಳಿಬಜೆ. ಯಾರಿಗೂ ಬೇಜಾರಿಲ್ಲ. ಬಯಲುಸೀಮೆಯವರು ಊಟದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಭಾವುಕರು ಅಂತ ನನ್ನ ಅಭಿಪ್ರಾಯ. ಬೈಬೇಡಿ.

ರೀಲ್ಸ್ ವಿರೋಧಿ
ಪಟ್ಟಿ ಮಾಡಿಕೊಂಡು ಹೋದ್ರಲ್ಲ, ತೊಂದರೆ ಅಲ್ಲೇ ಶುರು. ಮೂರು ದಿನಕ್ಕೆ ಹನ್ನೊಂದು ಜಾಗ ಅಂದರೆ ತಿನ್ನೋದಲ್ಲ, ಹಾಜರಿ ಹಾಕೋದು. ಗೆಳೆಯನ ಜೊತೆ ಎಷ್ಟು ಹೊತ್ತು ಕೂತು ಮಾತಾಡಿದಿರಿ? ಸಾಧನಕೇರಿ ದಂಡೆಗೆ ಹೋದಿರಾ? ಪೇಡ ಅಂಗಡಿ ಸಾಲಿನಲ್ಲಿ ನಿಂತಾಗ ಮಾತಾಡಿದ್ದು ಲೆಕ್ಕಕ್ಕಿಲ್ಲ.

ಮೈಸೂರು ತಿಂಡಿಪೋತ
ಸಾಧನಕೇರಿಗೆ ಹೋಗಿದ್ದೆವು, ಭಾನುವಾರ. ಅದಕ್ಕೂ ಮೊದಲು ಆದ ಒಂದು ವಿಷಯ ಹೇಳಬೇಕು. ಮೊದಲೇ ಬರೆಯಬೇಕಿತ್ತು. ನೀವೆಲ್ಲ ಅಮ್ಮನ ಕೈ ರೊಟ್ಟಿ ಅಂತ ಬರೀತಿರೋದು ಓದಿ ನಗು ತಡೆಯೋಕೆ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೆಳೆಯ ಬೈಕ್ ತೆಗೆದ, ಒಂದು ಕೆಲಸ ಇದೆ ಬಾ ಅಂದ. ಎರಡು ಓಣಿ ಆಚೆ ಒಂದು ಮನೆ. ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡೀತಿದ್ದರು. ಪಟ್ ಪಟ್ ಅಂತ ಒಂದೇ ತಾಳ. ಒಬ್ಬರು ಬೇಯಿಸಿ ಬೇಯಿಸಿ ಬುಟ್ಟಿಗೆ ಹಾಕ್ತಿದ್ದರು. ಗೋಡೆ ಪಕ್ಕ ಕಡಕ್ ರೊಟ್ಟಿಯ ಗೋಪುರ, ನನ್ನ ಸೊಂಟದ ಎತ್ತರ. ರೊಟ್ಟಿ ಸೆಂಟರ್. ಗೆಳೆಯ ಹೇಳಿಟ್ಟಿದ್ದ ಇಪ್ಪತ್ತು ಬಿಸಿ ರೊಟ್ಟಿ, ಐವತ್ತು ಕಡಕ್ ರೊಟ್ಟಿ ತಗೊಂಡ. ಬಿಸಿಯದನ್ನು ಮನೆಯಿಂದ ತಂದ ಹಳೇ ಪಂಚೆಯಲ್ಲಿ ಸುತ್ತಿದ.

"ಇದೇನೋ?" ಅಂದೆ. ಅಮ್ಮನಿಗೆ ಎರಡು ವರ್ಷದಿಂದ ಮೊಣಕೈ ನೋವಂತೆ. ರೊಟ್ಟಿ ಬಡಿಯೋದು ಬಿಟ್ಟಿದ್ದಾರೆ. ಪಲ್ಯ, ಚಟ್ನಿ ಎಲ್ಲ ಅವರೇ, ರೊಟ್ಟಿ ಮಾತ್ರ ಇಲ್ಲಿಂದ. ಶುಕ್ರವಾರ ನಾನು ನಾಲ್ಕು ರೊಟ್ಟಿ ತಿಂದು "ಅಮ್ಮ, ನಿಮ್ಮ ಕೈ ರೊಟ್ಟಿ ಸೂಪರ್" ಅಂದಿದ್ದೆ. ಅವರು ಇನ್ನೊಂದು ಹಾಕಿದರು, ಏನೂ ಹೇಳಲಿಲ್ಲ.

ಹುಬ್ಬಳ್ಳಿ ಸೊಸೆ
ಹಹಹ! ಆ ಅಮ್ಮನಿಗೆ ನನ್ನ ನಮಸ್ಕಾರ. ನಮ್ಮ ಓಣಿಯಲ್ಲಿ ಅರ್ಧ ಮನೆಗಳು ಹೀಗೇ. ಯಾರೂ ಬಾಯಿ ಬಿಡಲ್ಲ.

ಖಾನಾವಳಿ ಖಾಯಂ ಗಿರಾಕಿ
ಬಾಗಲಕೋಟಿ ಅಣ್ಣ ಎಲ್ಲಿದ್ದೀರಿ? ಈಗ ಹೇಳಿ, ಅದು ಮನೆ ಊಟವಾ, ಹೊರಗಿನ ಊಟವಾ?

ಬಾಗಲಕೋಟಿ ಬಿಸಿಲು
ಇಲ್ಲೇ ಇದ್ದೀನಿ. ರೊಟ್ಟಿ ಯಾರ ಕೈಯದಾದರೂ ಆಗಲಿ, ಎಣಗಾಯಿ ಆ ತಾಯಿಯದ್ದೇ ಅಲ್ವಾ? ಊಟದ ರುಚಿ ಇರೋದು ಅಲ್ಲೇ. ಅಲ್ಲದೆ ಸೆಂಟರಿನಲ್ಲಿ ಬಡಿಯೋರೂ ಯಾರದೋ ಅವ್ವಂದಿರೇ. ಅವರು ದಿನಕ್ಕೆ ನೂರಾರು ರೊಟ್ಟಿ ಬಡಿದು ಮಕ್ಕಳ ಫೀಸು ಕಟ್ತಾರೆ. ಅವರ ರೊಟ್ಟಿಯನ್ನು ಅಂಗಡಿ ಮಾಲು ಅಂತ ಕೀಳು ಮಾಡಬೇಡಿ. ಇನ್ನೂ ಹೇಳಬೇಕು ಅಂದರೆ ಕಡಕ್ ರೊಟ್ಟಿ ಮನೆಯದಕ್ಕಿಂತ ಅವರದೇ ತೆಳ್ಳಗೆ. ಒಣ ಜಾಗದಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡಲ್ಲ.

ಖಾನಾವಳಿ ಖಾಯಂ ಗಿರಾಕಿ
ಅದನ್ನೇ ನಾನು ಖಾನಾವಳಿ ಬಗ್ಗೆ ಹೇಳಿದಾಗ ಒಪ್ಪಲಿಲ್ಲ ನೀವು.

ಬಾಗಲಕೋಟಿ ಬಿಸಿಲು
ಖಾನಾವಳಿಗೆ ಬೇಡ ಅಂದಿಲ್ಲ. ರಾತ್ರಿ ಎಂಟೂವರೆಗೆ ಬೇಡ ಅಂದೆ.

ರೀಲ್ಸ್ ವಿರೋಧಿ
ಮೇಲೆ ಹೋಗಿ ನಿಮ್ಮ ಮೊದಲ ಕಾಮೆಂಟ್ ಓದಿ ಸ್ವಾಮಿ. "ಸರಿಯಲ್ಲ" ಅಂತಲೇ ಶುರು ಮಾಡಿದ್ದೀರಿ.

ಬಾಗಲಕೋಟಿ ಬಿಸಿಲು
ಹಸಿದಿದ್ದೆ, ಆಗ ಬರೆದದ್ದು.

ಕುಂದಾಪುರದವಳು
ಶನಿವಾರ ರಾತ್ರಿ ಮುಚ್ಚಿಟ್ಟ ಪಾತ್ರೆಯಲ್ಲಿ ಏನಿತ್ತು? ಅದು ಯಾರೂ ಕೇಳಲೇ ಇಲ್ಲ.

ಮೈಸೂರು ತಿಂಡಿಪೋತ
ಝುಣಕ. ಭಾನುವಾರ ಬೆಳಿಗ್ಗೆ ಆ ಹೊಸ ರೊಟ್ಟಿ ಜೊತೆ ಅದನ್ನೇ ಬಿಸಿ ಮಾಡಿ ಹಾಕಿದರು. ಕಡಲೆಹಿಟ್ಟು ರಾತ್ರಿಯಿಡೀ ಕೂತು ಗಟ್ಟಿಯಾಗಿತ್ತು, ಮೇಲೆ ಎಣ್ಣೆ ಬಿಟ್ಟುಕೊಂಡಿತ್ತು. ಪಟ್ಟಿಯ ಹನ್ನೊಂದರಲ್ಲಿ ಅಂಥದ್ದು ಒಂದೂ ಇರಲಿಲ್ಲ. ಹಾಗಂತ ಗಿರ್ಮಿಟ್ಟು ಬಿಟ್ಟುಕೊಡಲ್ಲ, ಅದೂ ಚೆನ್ನಾಗೇ ಇತ್ತು.

ಹೊರಡುವಾಗ ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೊಟ್ಟರು. ಕಡಕ್ ರೊಟ್ಟಿ ಇಪ್ಪತ್ತು, ಬಸ್ಸಿನಲ್ಲಿ ಆರು ಮುರಿದವು. ಸಾವಜಿ ವಿಷಯ ಕೊನೆಗೂ ನಾನೇ ಹೇಳಿಬಿಟ್ಟೆ. "ಗೊತ್ತೈತಿ ತಗೋ, ನಿನ್ನ ಅಂಗಿ ಮ್ಯಾಲೆ ಕೆಂಪು ರಸ ಬಿದ್ದಿತ್ತು" ಅಂದರು.

ಈಗ ಇನ್ನೊಂದು ಸಂಕಟ. ಮುಂದಿನ ವಾರ ಗೆಳೆಯ ಬೆಂಗಳೂರಿಗೆ ಬರ್ತಾನೆ, ಡಬ್ಬಿ ವಾಪಸ್ ಕಳಿಸಬೇಕು. ಖಾಲಿ ಕಳಿಸೋ ಹಾಗಿಲ್ಲ. ಏನು ತುಂಬಲಿ? ಮೈಸೂರು ಪಾಕ್ ಅಂದುಕೊಂಡಿದ್ದೆ.

ಲೈನ್ ಬಜಾರ್ ಹುಡುಗ
ಪೇಡ ಊರಿಗೆ ಮೈಸೂರು ಪಾಕಾ? ಧೈರ್ಯ ಮೆಚ್ಚಿದೆ.

ಹುಬ್ಬಳ್ಳಿ ಸೊಸೆ
ಸಿಹಿ ಬೇಡ. ಖಾರದ್ದು ಕಳಿಸಿ. ನಿಮ್ಮ ಕಡೆಯ ಕೋಡುಬಳೆ ಚೆನ್ನಾಗಿರುತ್ತೆ, ಕೆಡೋದೂ ಇಲ್ಲ.

ಮೈಸೂರು ತಿಂಡಿಪೋತ
ಒಳ್ಳೆ ಐಡಿಯಾ. ಈಗಲೇ ಅಮ್ಮನಿಗೆ ಫೋನ್ ಮಾಡಿದೆ. ಶನಿವಾರ ಬಾ, ಕೋಡುಬಳೆ ರೆಡಿ ಇರುತ್ತೆ ಅಂದರು. ನಮ್ಮಮ್ಮನ ಕೈ ಕೋಡುಬಳೆ ಅಂದರೆ ಇಡೀ ಬೀದಿಗೆ ಹೆಸರು.

ಖಾನಾವಳಿ ಖಾಯಂ ಗಿರಾಕಿ
ಶುಕ್ರವಾರವೇ ಹೋಗಿ ನೋಡಿ. ಯಾವ ಅಂಗಡಿ ಅಂತ ಗೊತ್ತಾಗಲಿ.