ಮನೆ ಗ್ರೂಪಿನಲ್ಲಿ ಸರ್ ಸಯ್ಯದ್ ದಿನ

ದೊಡ್ಡ ಚಾಚಾ: (ಫಾರ್ವರ್ಡ್) ಇಂದು ಅಕ್ಟೋಬರ್ 17. ಸರ್ ಸಯ್ಯದ್ ಅಹ್ಮದ್ ಖಾನ್ ಹುಟ್ಟಿದ ದಿನ. 1875ರಲ್ಲೇ ಅಲೀಗಢದಲ್ಲಿ ಹುಡುಗರಿಗೂ ಹುಡುಗಿಯರಿಗೂ ಶಾಲೆ ತೆರೆದ ಮಹಾನುಭಾವ. ಹತ್ತು ಜನಕ್ಕೆ ಕಳಿಸಿ.

ದೊಡ್ಡ ಚಾಚಾ: ಈಗಿನ ಮಕ್ಕಳು ಇದನ್ನು ಓದಬೇಕು. ಮೂರು ಹೊತ್ತೂ ರೀಲ್ಸ್ ನೋಡುತ್ತಾ ಕೂತರೆ ಕೌಮ್ ಉದ್ಧಾರ ಆಗುತ್ತಾ?

ತಮ್ಮ: ಹುಡುಗಿಯರಿಗೂ ಅಂತ ಎಲ್ಲಿದೆ ಚಾಚಾ? ಯಾವ ಪುಸ್ತಕದಲ್ಲಿ?

ದೊಡ್ಡ ಚಾಚಾ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಜಮೀನು ಭಾಗ ಆದಾಗಲೂ ಇದೇ ಬುದ್ಧಿ ತೋರಿಸಿದೆ.

ತಮ್ಮ: ಜಮೀನಿನ ಮಾತು ಈಗ ಯಾಕೆ?

ದುಬೈ ಭಾಯಿ: ಆ ಜಮೀನಿನ ಬಾವಿ ಪಕ್ಕ ಸೀಬೆ ಮರ ಇತ್ತು, ನೆನಪಿದೆಯಾ? ಈದ್ ರಜೆಗೆ ಹೋದರೆ ದಾದಿ ಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದರು.

ನಾನು: ಚಾಚಾ, ಬೇಜಾರು ಮಾಡ್ಕೋಬೇಡಿ, ಆದರೆ ಫಾರ್ವರ್ಡ್ ತಪ್ಪು. 1875ರಲ್ಲಿ ಶುರುವಾದದ್ದು ಗಂಡುಮಕ್ಕಳ ಮದರಸಾ. ಎರಡು ವರ್ಷದಲ್ಲಿ ಅದು ಕಾಲೇಜಾಯಿತು. 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ಸರ್ ಸಯ್ಯದರೇ ಹೇಳಿದ್ದಾರೆ, ಮೊದಲು ಗಂಡಸರು ಓದಲಿ, ಹೆಂಗಸರ ಓದು ಆಮೇಲೆ ತಾನಾಗಿ ಬರುತ್ತದೆ ಅಂತ. ಲಾಹೋರಿನ ಮುಮ್ತಾಜ್ ಅಲಿ ಹೆಂಗಸರ ಹಕ್ಕಿನ ಬಗ್ಗೆ ಬರೆದ ಹಸ್ತಪ್ರತಿಯನ್ನು ಇವರಿಗೆ ತೋರಿಸಿದರಂತೆ. ಓದುತ್ತಾ ಓದುತ್ತಾ ಮುಖ ಕೆಂಪಾಗಿ, ಹರಿದು ಕಸದ ಬುಟ್ಟಿಗೆ ಹಾಕಿದರಂತೆ. ಮುಮ್ತಾಜ್ ಅಲಿ ಅದನ್ನು ಬುಟ್ಟಿಯಿಂದ ಎತ್ತಿಕೊಂಡು ಬಂದರು. ಪುಸ್ತಕ ಹೊರಬಂದದ್ದು 1898ರಲ್ಲಿ, ಸರ್ ಸಯ್ಯದ್ ತೀರಿಕೊಂಡ ವರ್ಷ.

ದೊಡ್ಡ ಚಾಚಾ: ಅಷ್ಟು ದೊಡ್ಡ ಮನುಷ್ಯರಲ್ಲಿ ತಪ್ಪು ಹುಡುಕುವಷ್ಟು ದೊಡ್ಡವಳಾದೆಯಾ? ಹಿರಿಯರು ಅಂದರೆ ಅದಬ್ ಇರಬೇಕು.

ನಾನು: ಅವರ ಬಗ್ಗೆ ನನಗೂ ಗೌರವ ಇದೆ. ಇಂಗ್ಲಿಷ್ ಓದಿ, ವಿಜ್ಞಾನ ಓದಿ ಅಂದಿದ್ದಕ್ಕೆ ಮೌಲ್ವಿಗಳು ಕಾಫಿರ್ ಅಂತ ಫತ್ವಾ ಕೊಟ್ಟರು. ಅವರು ಬಗ್ಗಲಿಲ್ಲ. ಚಂದಾ ಎತ್ತೋಕೆ, ಬಿಳಿ ಗಡ್ಡದ ವಯಸ್ಸಿನಲ್ಲಿ, ನಾಟಕದ ವೇದಿಕೆ ಹತ್ತಿದರು. ಅದನ್ನೆಲ್ಲ ಬರೆಯಿರಿ, ನಾನೇ ಹತ್ತು ಜನಕ್ಕೆ ಕಳಿಸುತ್ತೇನೆ. ಅಲೀಗಢದಲ್ಲಿ ಹುಡುಗಿಯರ ಶಾಲೆ ತೆರೆದವರು ಶೇಖ್ ಅಬ್ದುಲ್ಲಾ ಮತ್ತು ಅವರ ಹೆಂಡತಿ ವಾಹಿದ್ ಜಹಾನ್. 1906ರಲ್ಲಿ. ಮಕ್ಕಳನ್ನು ಪರದೆ ಕಟ್ಟಿದ ಡೋಲಿಯಲ್ಲಿ ಕರೆತರಬೇಕಿತ್ತು. ಆ ಹೆಂಗಸಿನ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಬರೆದರೆ ನನಗೆ ಹೊಟ್ಟೆ ಉರಿಯುತ್ತದೆ.

ತಮ್ಮ: ಅಕ್ಕ ಹೇಳಿದ್ದಕ್ಕೂ ಪುರಾವೆ ಬೇಕಾ ಚಾಚಾ?

ದೊಡ್ಡ ಚಾಚಾ: ನೀನು ಸುಮ್ನಿರು.

ಮೈಸೂರು ಫೂಫಿ: ಮೊದಲು ಗಂಡುಮಕ್ಕಳು ಓದಲಿ. ಇದೇ ಮಾತು ನೀವೂ ಹೇಳಿದ್ರಿ ಭಾಯಿಜಾನ್. ನನ್ನ ಏಳನೇ ಕ್ಲಾಸು ಮುಗಿದ ವಾರ. ಎಂಟನೇ ಕ್ಲಾಸಿನ ಪುಸ್ತಕಕ್ಕೆ ಬೈಂಡ್ ಹಾಕಿಟ್ಟಿದ್ದೆ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ.

ದೊಡ್ಡ ಚಾಚಾ: ಆಗ ಮನೆಯಲ್ಲಿ ದುಡ್ಡಿರಲಿಲ್ಲ.

ಮೈಸೂರು ಫೂಫಿ: ನಿಮ್ಮ ಕಾಲೇಜು ಫೀಸಿಗೆ ಇತ್ತಲ್ಲ.

ದುಬೈ ಭಾಯಿ: ಬಿಡಿ ಫೂಫಿ, ಹಳೇದು. ಆ ಸೀಬೆ ಮರದ ಫೋಟೋ ಯಾರ ಹತ್ತಿರಾದ್ರೂ ಇದೆಯಾ?

ದೊಡ್ಡ ಚಾಚಾ: ಈ ಸಂದೇಶವನ್ನು ಅಳಿಸಲಾಗಿದೆ.

ಮೈಸೂರು ಫೂಫಿ: ಬೇಟಾ, ಆ ವಾಹಿದ್ ಜಹಾನ್ ಬಗ್ಗೆ ಇನ್ನೂ ಇದ್ದರೆ ಬರಿ. ನಿಧಾನಕ್ಕೆ ಬರಿ, ಕನ್ನಡಕ ಹಾಕ್ಕೊಂಡೇ ಕೂತಿದ್ದೀನಿ.

ನಾನು: ಬರೆಯುತ್ತೇನೆ ಫೂಫಿ. 1914ರಲ್ಲಿ ಹಾಸ್ಟೆಲ್ ಶುರುವಾಯಿತು. ದೂರದ ಊರಿನ ಹುಡುಗಿಯರನ್ನು ಬಿಟ್ಟು ಹೋಗೋಕೆ ತಾಯಂದಿರಿಗೆ ಭಯ, ಅಲ್ವಾ? ಅದಕ್ಕೆ ವಾಹಿದ್ ಜಹಾನ್ ತಾವೂ ಅಲ್ಲೇ, ಆ ಹುಡುಗಿಯರ ಜೊತೆ ಇದ್ದುಬಿಟ್ಟರು. ಹುಡುಗಿಯರು ಅವರನ್ನು ಆಲಾ ಬೀ ಅಂತ ಕರೆಯುತ್ತಿದ್ದರು.