ಅಪ್‌ಡೇಟ್: ರಿವರ್ಸ್ ಕ್ಯಾಮೆರಾ ಸರಿಯಾಯ್ತು

ಕಾರನ್ನು ರಿವರ್ಸ್ ಹಾಕಿದಾಗ ಸ್ಕ್ರೀನಿನಲ್ಲಿ ಹಿಂದಿನ ಕ್ಯಾಮೆರಾದ ಚಿತ್ರ ಅಲ್ಲೇ ನಿಂತುಬಿಡುತ್ತದೆ ಎಂದು ಕಳೆದ ವಾರ ಕೇಳಿದ್ದೆನಲ್ಲ, ಸರಿಯಾಯ್ತು ಮಾರಾಯ್ರೆ. ಫ್ಯೂಸ್ ಬದಲಿಸಿದ್ದು, ಸಾಫ್ಟ್‌ವೇರ್ ಹೊಸತು ಹಾಕಿದ್ದು ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಸರ್ವಿಸ್ ಮೆನುವಿನಲ್ಲಿ ಸೆಲ್ಫ್ ಟೆಸ್ಟ್ (ಸ್ಕ್ರೀನ್ ತನ್ನನ್ನು ತಾನೇ ಪರೀಕ್ಷಿಸುವುದು) ಮಾಡಿ ನೋಡಿ ಎಂದವರ ಮಾತೇ ಕೈಹಿಡಿಯಿತು. ಡಿಸ್‌ಪ್ಲೇ ತಾನೇ ಹುಟ್ಟಿಸುವ ಬಣ್ಣದ ಪಟ್ಟೆಗಳು ಸ್ಪಷ್ಟವಾಗಿ ಬಂದವು. ಅಂದರೆ ಪ್ಯಾನಲ್ ಸರಿ ಉಂಟು, ದೋಷ ಒಳಬರುವ ವಿಡಿಯೋದಲ್ಲಿ. ಕುಂಬಳೆಯ ಎಲೆಕ್ಟ್ರಿಷಿಯನ್ ಡಿಕ್ಕಿಯ ರಬ್ಬರ್ ಸರಿಸಿದರೆ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು! ಮಳೆನೀರು ಇಳಿದಿತ್ತು. ಅದನ್ನು ಸರಿಮಾಡಿದ ಮೇಲೆ ಚಿತ್ರ ನಿಲ್ಲುವುದು ತಪ್ಪಿತು.

ಆಗ ತಿಳಿದದ್ದು: ಕೆಲವು ಡಿಸ್‌ಪ್ಲೇಗಳು ವಿಡಿಯೋದ ಪ್ರತಿ ಫ್ರೇಮಿಗೂ, ಅಂದರೆ ಒಂದೊಂದು ಚಿತ್ರಕ್ಕೂ, ಅದರ ಡೇಟಾದಿಂದ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಲೆಕ್ಕ ಹಾಕುತ್ತವೆ. ಕ್ಯಾಮೆರಾ ಸೆನ್ಸರಿನ ನಾಯ್ಸ್‌ನಿಂದ (ತನ್ನಷ್ಟಕ್ಕೇ ಆಗುವ ಸಣ್ಣ ಏರಿಳಿತ) ಲೈವ್ ಚಿತ್ರದಲ್ಲಿ ಆ ಸಂಖ್ಯೆ ಬದಲಾಗುತ್ತಲೇ ಇರಬೇಕು. ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಚಿತ್ರ ನಿಂತಿದೆ ಎಂದು ಎಚ್ಚರಿಸುತ್ತವೆ. ನನ್ನದರಲ್ಲಿ ಅದಿಲ್ಲ. ಅಂಗಳದಲ್ಲಿ ಮಕ್ಕಳು ಆಡುವಾಗ ಹಳೆಯ ಚಿತ್ರ ನಂಬಿ ಹಿಂದೆ ತೆಗೆದಿದ್ದರೆ! ಈಗ ಐದು ದಿನ, ಜೋರು ಮಳೆಯಲ್ಲೂ ತೊಂದರೆಯಿಲ್ಲ.