ಮನೆಯಲ್ಲೇ ಹಣ್ಣಿನ ಗಮ್ಮಿ: ಮಾಡಿದವರು ಅನುಭವ ಹೇಳಿ

ರಾಜಾಜಿನಗರದ ಅಮ್ಮ:
ಮಗಳಿಗೆ ಐದು ವರ್ಷ. ಅಂಗಡಿ ಗಮ್ಮಿ (ಜಗಿಯುವ ಜೆಲ್ಲಿ ಮಿಠಾಯಿ) ಬಿಟ್ಟರೆ ಬೇರೇನೂ ಬೇಡ ಅಂತಾಳೆ. ಬಣ್ಣ, ಎಸೆನ್ಸ್ ಇಲ್ಲದೆ ಹಣ್ಣಿನಿಂದಲೇ ಮಾಡಿಕೊಡೋಣ ಅಂತಿದ್ದೇನೆ. ನಾವು ಸಸ್ಯಾಹಾರಿಗಳು, ಜೆಲಟಿನ್ ಬೇಡ. ಸಕ್ಕರೆ ಆದಷ್ಟು ಕಡಿಮೆ ಇರಬೇಕು. ಬೆಳಿಗ್ಗೆ ಶಾಲೆ ಡಬ್ಬಿಗೆ ಹಾಕಿದರೆ ಮಧ್ಯಾಹ್ನದವರೆಗೆ ಕರಗಬಾರದು. ಕರಡಿ ಆಕಾರದ ಸಿಲಿಕಾನ್ ಅಚ್ಚು ತಂದಾಗಿದೆ. ಯಾವುದು ಒಳ್ಳೇದು, ಚೈನಾ ಗ್ರಾಸಾ (ಕಡಲ ಪಾಚಿಯಿಂದ ತೆಗೆಯುವ ಅಗರ್), ಪೆಕ್ಟಿನ್ನಾ (ಹಣ್ಣಿನಿಂದ ತೆಗೆಯುವ, ಜಾಮ್ ಗಟ್ಟಿಯಾಗಿಸುವ ಪುಡಿ)?

ಶಿರಸಿ ಕಡೆಯವಳು:
ಚೈನಾ ಗ್ರಾಸ್. ಬೇರೆ ಮಾತೇ ಇಲ್ಲ. ನಾನು ಮನೆಯ ಮುರುಗಲು (ಕೋಕಂ) ರಸದಲ್ಲಿ ಮಾಡುತ್ತೇನೆ. ಆ ಕೆಂಪು ಯಾವ ಬಣ್ಣದ ಡಬ್ಬಿಯಲ್ಲೂ ಸಿಗಲ್ಲ. ಆದರೆ ಅದಕ್ಕೆ ನಾನು ತೆತ್ತ ದುಡ್ಡು ಕೇಳಿ. ಅಗರ್ ಪುಡಿ 100 ಗ್ರಾಂಗೆ 460 ರೂಪಾಯಿ, ಮೇಲೆ ಕೊರಿಯರ್ 70. ಒಂದು ವಿಡಿಯೊದಲ್ಲಿ ರಸ, ಬೆಲ್ಲ, ಪುಡಿ ಎಲ್ಲ ಒಟ್ಟಿಗೆ ಕುದಿಸಿ ಅಂದಿದ್ದರು. ಹಾಗೇ ಮಾಡಿದೆ. ರಾತ್ರಿಯಿಡೀ ಫ್ರಿಜ್ಜಲ್ಲಿಟ್ಟರೂ ಗಂಜಿಯ ಹಾಗೇ ಇತ್ತು! ಹುಳಿ ಜೊತೆ ಕುದಿದರೆ ಅಗರ್ ಶಕ್ತಿ ಕಳೆದುಕೊಳ್ಳುತ್ತೆ ಅಂತ ಆ ವಿಡಿಯೊದವರು ಒಂದು ಮಾತು ಹೇಳಬಾರದಿತ್ತಾ? ಅರ್ಧ ಡಬ್ಬಿ ಅಗರ್, ಎರಡು ಬಾಟಲಿ ಮುರುಗಲು ರಸ, ಮುಕ್ಕಾಲು ಕಿಲೋ ಬೆಲ್ಲ, ಎಲ್ಲ ಕೊಟ್ಟಿಗೆ ಪಾಲಾಯಿತು. ಈಗ ಬರೀ ನೀರಲ್ಲಿ ಅಗರ್ ಹಾಕಿ ಎರಡು ಮೂರು ನಿಮಿಷ ಕೊತಕೊತ ಕುದಿಸುತ್ತೇನೆ. ಒಲೆ ಆರಿಸಿದ ಮೇಲೆ ಬೆಚ್ಚಗಿರುವ ರಸ ಬೆರೆಸುತ್ತೇನೆ. ತಣ್ಣಗಿನ ರಸ ಹಾಕಿದರೆ ಅಲ್ಲಲ್ಲೇ ಗಂಟು ಕಟ್ಟುತ್ತೆ. ಒಂದು ಲೋಟಕ್ಕೆ ಎರಡು ಚಮಚ ಪುಡಿ. ಒಂದು ಸಲ ಕಟ್ಟಿದ ಅಗರ್ ಬಿಸಿಲಿಗೆ ಕರಗುವ ಮಾತೇ ಇಲ್ಲ, ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕು.

ಮಂಗಳೂರಿನವ:
ಅಗರ್ ಗಮ್ಮಿಯೇ ಅಲ್ಲ, ಜೆಲ್ಲಿ. ಕಚ್ಚಿದರೆ ಪುಡುಕ್ ಅಂತ ಮುರಿಯುತ್ತೆ, ಡಬ್ಬಿಯಲ್ಲಿ ನೀರು ಬಿಡುತ್ತೆ. ಗಮ್ಮಿ ಅಂದರೆ ಜಗಿಯಬೇಕು. ಅದು ಜೆಲಟಿನ್‌ನಿಂದ ಮಾತ್ರ. ನಾನು ಒಂದು ಲೋಟ ರಸಕ್ಕೆ 35 ಗ್ರಾಂ ಹಾಕುತ್ತೇನೆ. ತಣ್ಣನೆ ರಸದಲ್ಲಿ ಹತ್ತು ನಿಮಿಷ ನೆನೆಸಿ, ಕುದಿಸದೆ ಬಿಸಿ ಮಾಡಿ ಕರಗಿಸಬೇಕು. ಅನಾನಸ್ ಮಾತ್ರ ನನ್ನ ಜೀವ ತಿಂದಿತು. ಹಸಿ ಅನಾನಸ್ ರಸದಲ್ಲಿರುವ ಕಿಣ್ವ ಜೆಲಟಿನ್ನನ್ನೇ ಅರಗಿಸಿಬಿಡುತ್ತೆ. ಪಪ್ಪಾಯ, ಕಿವಿ ಹಣ್ಣೂ ಅಷ್ಟೇ. 220 ರೂಪಾಯಿ ಪ್ಯಾಕೆಟ್ ಪೂರ್ತಿ ಪಾನಕ ಆಯಿತು. ರಸ ಚೆನ್ನಾಗಿ ಕುದಿಸಿ, ಆರಿಸಿ ಆಮೇಲೆ ಮಾಡಿದರೆ ಕಟ್ಟುತ್ತೆ. ಈಗ ನಮ್ಮ ಮನೆಯ ಅನಾನಸ್ ಗಮ್ಮಿ ತಿಂದವರು ಅಂಗಡಿಯದ್ದು ಮುಟ್ಟಲ್ಲ.

ಶಿರಸಿ ಕಡೆಯವಳು:
ಸರ್, ಅವರು ಜೆಲಟಿನ್ ಬೇಡ ಅಂತ ಮೊದಲೇ ಬರೆದಿದ್ದಾರೆ. ಅದು ದನ, ಹಂದಿ ಚರ್ಮ, ಮೂಳೆಯಿಂದ ತೆಗೆಯುವುದು. ಓದಿ ಉತ್ತರ ಕೊಡಿ.

ಮಂಗಳೂರಿನವ:
ಓದಿದ್ದೇನೆ ಮೇಡಂ. ಇಲ್ಲಿ ಓದುವವರು ಅವರೊಬ್ಬರೇ ಅಲ್ಲ. ಮೀನು ತಿನ್ನುವ ಮನೆಗಳಲ್ಲೂ ಮಕ್ಕಳಿದ್ದಾರೆ. ನಮಗೂ ಮಾತಾಡಲು ಜಾಗ ಇರಲಿ. ನಿಮ್ಮ ಅಗರ್ ನೀರು ಬಿಡುತ್ತೆ ಅಂದೆನಲ್ಲ, ಅದಕ್ಕೆ ಉತ್ತರ ಕೊಡಿ.

ಮೈಸೂರಿನಿಂದ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ನಾನು ಇದನ್ನು ಮಾರಿದವಳು. ಪೆಕ್ಟಿನ್ ಗಮ್ಮಿ, ಪೂರ್ತಿ ಸಸ್ಯಾಹಾರ, ಸೀಬೆ ಮತ್ತು ನೇರಳೆ ಹಣ್ಣಿನದ್ದು. ಪೆಕ್ಟಿನ್ 500 ಗ್ರಾಂಗೆ 1,650. ಗ್ಲೂಕೋಸ್ ಪಾಕ ಕಿಲೋಗೆ 140. ಪಾಕ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಬ್ರಿಕ್ಸ್ ಮೀಟರ್ 1,900. ಗಾಜಿನ ಬಾಟಲಿ ಒಂದಕ್ಕೆ 18, ಮುಚ್ಚಳ 4, ಲೇಬಲ್ 3 ರೂಪಾಯಿ 50 ಪೈಸೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ 14 ಅಂಕಿಯ ನಂಬರ್, ಹಸಿರು ಚುಕ್ಕೆ ಎಲ್ಲ ಲೇಬಲ್ ಮೇಲೆ ಹಾಕಿಸಿದೆ.

ಎಲ್ಲರೂ ಕೇಳಿದ್ದು ಒಂದೇ. "ಸಕ್ಕರೆ ಕಡಿಮೆ ಮಾಡಿ." ನಾವು ತರಿಸುವ ಮಾಮೂಲಿ ಪೆಕ್ಟಿನ್ ಕಟ್ಟಬೇಕಾದರೆ ನೂರಕ್ಕೆ 60ರ ಆಸುಪಾಸು ಸಕ್ಕರೆ ಬೇಕು, ಜೊತೆಗೆ ಹುಳಿ ಬೇಕು. ಗಮ್ಮಿ ಫ್ರಿಜ್ಜಿನ ಹೊರಗೆ ಕೆಡದೆ ಇರಬೇಕಾದರೆ ಪಾಕ ನೂರಕ್ಕೆ 75 ದಾಟಬೇಕು. ಇದು ನನ್ನ ಹಟ ಅಲ್ಲ, ಪೆಕ್ಟಿನ್ ಇರುವುದೇ ಹಾಗೆ. ಒಂದು ಸಾವಯವ ಅಂಗಡಿಯವರು ಸಕ್ಕರೆ ಸ್ವಲ್ಪ ಕಡಿಮೆ ಮಾಡಿಕೊಡಿ, ಅಷ್ಟೂ ಮಾಲು ನಾವೇ ತಗೋತೀವಿ ಅಂದರು. ಫ್ರಿಜ್ಜಲ್ಲೇ ಇಡಿ ಅಂತ ಬರೆದು ಕೊಟ್ಟೆ. ಅವರು ಗಾಜಿನ ಬಾಗಿಲ ಪಕ್ಕ, ಬಿಸಿಲಿಗೆ ಇಟ್ಟರು. ಬೂಸ್ಟು ಬಂತು. 64 ಬಾಟಲಿ ವಾಪಸ್ ಕಳಿಸಿದರು, ಆಟೋ ಬಾಡಿಗೆ 180 ರೂಪಾಯಿ ನನ್ನಿಂದಲೇ ಇಸಿದುಕೊಂಡರು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಪೆಕ್ಟಿನ್ ಪುಡಿಯನ್ನು ಐದು ಪಟ್ಟು ಸಕ್ಕರೆಯಲ್ಲಿ ಬೆರೆಸಿಯೇ ಬಿಸಿ ರಸಕ್ಕೆ ಉದುರಿಸಬೇಕು. ಇಲ್ಲದಿದ್ದರೆ ಒಡೆಯದ ಗಂಟು. ನಿಂಬೆರಸ ಕಡೆಯಲ್ಲಿ. ಹಾಕಿದ ತಕ್ಷಣ ಅಚ್ಚಿಗೆ ಸುರಿಯಬೇಕು, ಕಾದರೆ ಪಾತ್ರೆಯಲ್ಲೇ ಕಟ್ಟುತ್ತೆ.

ಪುತ್ತೂರಿನ ಅತ್ತೆ:
ಇಷ್ಟೆಲ್ಲ ಯಾಕಮ್ಮ? ನಮ್ಮಲ್ಲಿ ಮಾಂಬಳ ಇಲ್ವಾ? ಮಾವಿನಹಣ್ಣಿನ ರಸ ಚಾಪೆ ಮೇಲೆ ತೆಳ್ಳಗೆ ಹರಡುವುದು, ಒಣಗಿದ ಮೇಲೆ ಅದರ ಮೇಲೆ ಮತ್ತೊಂದು ಪದರ. ಏಪ್ರಿಲ್, ಮೇ ಬಿಸಿಲು ಸಾಕು. ಸಕ್ಕರೆ ಬೇಡ, ಪುಡಿ ಬೇಡ, ಮೀಟರೂ ಬೇಡ. ಮಳೆಗಾಲ ಇಡೀ ಮಕ್ಕಳು ಚೀಪುತ್ತಾರೆ. ಹಲಸಿನ ಹಣ್ಣಿನದ್ದೂ ಆಗುತ್ತದೆ. ನನ್ನ ಮೊಮ್ಮಕ್ಕಳು ಗಮ್ಮಿ ಕೇಳಿದವರಲ್ಲ.

ಮೈಸೂರಿನಿಂದ:
ಅತ್ತೆ, ಚಾಪೆ ಹರಡಲು ಅಂಗಳ ಬೇಕಲ್ವಾ? ರಾಜಾಜಿನಗರದ ಮಹಡಿ ಮನೆಯವರು ಪಾರಿವಾಳಗಳ ಮಧ್ಯೆ ಎಲ್ಲಿ ಒಣಗಿಸಲಿ?

ಪುತ್ತೂರಿನ ಅತ್ತೆ:
ತಾರಸಿ ಇಲ್ಲವೇ? ತೆಳುವಾದ ಪಂಚೆ ಮುಚ್ಚಿದರೆ ಪಾರಿವಾಳ ಏನು ಮಾಡುತ್ತದೆ? ಮನಸ್ಸಿದ್ದವರಿಗೆ ಜಾಗ ಸಿಗುತ್ತದೆ.

ಮಂಗಳೂರಿನವ:
ಅತ್ತೆ, ಪೆಕ್ಟಿನ್ ಡಬ್ಬಿ ಬೇಡ ಅನ್ನುವುದಾದರೆ ನಮ್ಮ ಪೆರಾದ್ ಇದೆ, ಪೇರಳೆ (ಸೀಬೆ) ಹಣ್ಣಿನ ಮಿಠಾಯಿ. ಕ್ರಿಸ್‌ಮಸ್ ಕುಸ್ವಾರ್‌ಗೆ (ಹಬ್ಬದ ತಿಂಡಿಗಳಿಗೆ) ಅಮ್ಮ ಮಾಡುತ್ತಾರೆ. ಪೇರಳೆಯಲ್ಲೇ ಬೇಕಾದಷ್ಟು ಪೆಕ್ಟಿನ್ ಇದೆ. ಬೇಯಿಸಿ, ಬೀಜ ಸೋಸಿ, ತಿರುಳಿನಷ್ಟೇ ತೂಕದ ಸಕ್ಕರೆ ಮತ್ತು ನಿಂಬೆರಸ ಹಾಕಿ ತಳ ಬಿಡುವವರೆಗೆ ಕೈಯಾಡಿಸುವುದು. ತಟ್ಟೆಗೆ ಬೆಣ್ಣೆ ಸವರಿ ಸುರಿದು ಕತ್ತರಿಸುವುದು. ಕೈ ಮೇಲೆ ಸಿಡಿಯುತ್ತೆ, ಉದ್ದ ಹಿಡಿಯ ಸೌಟು ಬೇಕು.

ರಾಜಾಜಿನಗರದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಸಕ್ಕರೆ ಬದಲು ಬೆಲ್ಲ ಹಾಕಿ ಅಗರ್‌ನಲ್ಲಿ ಮಾಡಿದರೆ ಡಬ್ಬಿಯಲ್ಲಿ ಮಧ್ಯಾಹ್ನದವರೆಗೆ ಇರುತ್ತಾ?

ಶಿರಸಿ ಕಡೆಯವಳು:
ಖಂಡಿತ ಇರುತ್ತೆ. ಅಚ್ಚಿನಿಂದ ತೆಗೆದು ಒಂದು ರಾತ್ರಿ ಫ್ರಿಜ್ಜಲ್ಲಿ ಮುಚ್ಚದೆ ಇಡಿ, ಮೇಲಿನ ಪಸೆ ಆರುತ್ತೆ. ಡಬ್ಬಿಯ ತಳಕ್ಕೆ ಹತ್ತಿ ಬಟ್ಟೆ ಹಾಸಿ. ನೀರು ಬಿಡುವುದಕ್ಕೆ ಇದೇ ಉತ್ತರ, ಮಂಗಳೂರಿನವರೂ ಓದಿಕೊಳ್ಳಲಿ. ಮೂರು ನಾಲ್ಕು ದಿನದೊಳಗೆ ಖಾಲಿ ಮಾಡಿ. ನಮ್ಮ ಜೋನಿ (ದ್ರವ) ಬೆಲ್ಲ ಹಾಕಿ, ರುಚಿಯೇ ಬೇರೆ.

ಮೈಸೂರಿನಿಂದ:
ಬೆಲ್ಲವೂ ಸಕ್ಕರೆಯೇ. ಹೆಸರು ಬದಲಾದರೆ ಹಲ್ಲಿಗೆ ಗೊತ್ತಾಗಲ್ಲ. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಮನೆಯಲ್ಲಿ ನಿಮ್ಮ ಮಗಳಿಗಿಂತ ಚಿಕ್ಕ ಮಗು ಇದ್ದರೆ ಇಡೀ ಕರಡಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಸಣ್ಣಗೆ ಕತ್ತರಿಸಿ ಕೊಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಹಾಕಿದ್ದನ್ನಂತೂ ಕೊಡಲೇಬಾರದು.

ಮಂಡ್ಯ ಹೈದ:
ಜೋನಿ ಬೆಲ್ಲ ನಿಮ್ಮ ಊರಲ್ಲಿ ಚೆನ್ನಾಗಿರಬಹುದು ಅಕ್ಕ. ಪೇಟೆಯಲ್ಲಿ ಸಿಗೋದರಲ್ಲಿ ಏನಿದೆ ಅಂತ ಗೊತ್ತಾ? ನಮ್ಮ ಆಲೆಮನೆಯ ಅಚ್ಚು ಬೆಲ್ಲ ತಗೊಳ್ಳಿ. ಕಪ್ಪಗಿರೋದು. ಹಳದಿಯಾಗಿ ಹೊಳೆಯೋದಕ್ಕೆ ಹೈಡ್ರೋಸ್ ಅನ್ನೋ ಬಣ್ಣ ತಿಳಿಮಾಡುವ ಕೆಮಿಕಲ್ ಹಾಕಿರುತ್ತಾರೆ.

ಮಹಾಲಿಂಗಪುರದವ:
ಹಳದಿ ಬೆಲ್ಲ ಎಲ್ಲಾ ಕೆಮಿಕಲ್ ಅಂತ ಯಾರು ಹೇಳ್ಯಾರ್ರೀ ನಿಮಗ? ನಮ್ಮ ಗಾಣದಾಗ ಬೆಂಡಿ ಗಿಡದ ಲೋಳೆ ಹಾಕಿ ಮಡ್ಡಿ ತೆಗೀತೀವಿ. ಮಣ್ಣು ಛಲೋ ಇದ್ದರ ಬಣ್ಣ ತಾನ ತಿಳಿ ಬರತೈತಿ.

ಮಂಡ್ಯ ಹೈದ:
ಬೆಂಡೆ ಲೋಳೆ ನಾವೂ ಹಾಕುತ್ತೇವೆ ಅಣ್ಣ, ಅದು ಹೊಸದೇನಲ್ಲ. ನಾನು ಹೇಳಿದ್ದು ಪೇಟೆ ಮಾಲಿನ ವಿಷಯ. ಹೋದ ವರ್ಷ ಸುಡು ಬಿಸಿಲಲ್ಲಿ ಕೊಪ್ಪರಿಗೆ ಮುಂದೆ ನಿಂತು ಮಾಡಿದ ಕಪ್ಪು ಬೆಲ್ಲಕ್ಕೆ ವ್ಯಾಪಾರಿಗಳು ಕಿಲೋಗೆ ಎಂಟು ರೂಪಾಯಿ ಕಡಿಮೆ ಕೊಟ್ಟರು. ಹಳದಿಯದ್ದಕ್ಕೆ ಜಾಸ್ತಿ ಕೊಟ್ಟರು. ಕೊಳ್ಳುವವರು ಬಣ್ಣ ನೋಡೋದು ಬಿಡೋವರೆಗೂ ನಮಗೆ ನಷ್ಟವೇ.

ಮಹಾಲಿಂಗಪುರದವ:
ಆ ಮಾತು ಖರೇ ಐತಿ. ನಮಗೂ ಹಂಗ ಆಗೇತಿ.